ಆರುನೂರು ಗಂಟೆ ಎಲ್ಲಿಂದ ತರೋದು?

ಓಪನ್ ಯೂನಿವರ್ಸಿಟಿಯ ಲೆಕ್ಕ ಬಹಳ ಸರಳ. ಒಂದು ಕ್ರೆಡಿಟ್‌ಗೆ ಹತ್ತು ಗಂಟೆ ಓದು. ಆನರ್ಸ್ ಡಿಗ್ರಿಗೆ ಒಟ್ಟು 360 ಕ್ರೆಡಿಟ್. ನನ್ನ ಹಾಗೆ ವರ್ಷಕ್ಕೆ 60 ಕ್ರೆಡಿಟ್ ತಗೊಂಡು ನಿಧಾನಕ್ಕೆ ಓದುವವರಿಗೆ ಆರು ವರ್ಷ, ಅಂದರೆ ವರ್ಷಕ್ಕೆ 600 ಗಂಟೆ. ಅಕ್ಟೋಬರ್‌ನಿಂದ ಬೇಸಿಗೆ ಶುರುವಾಗೋ ತನಕ ಹಂಚಿದರೆ ವಾರಕ್ಕೆ ಹದಿನೆಂಟು ಗಂಟೆ. ಕಾಗದದ ಮೇಲೆ ಇಷ್ಟೇ. ಆದರೆ ಇಬ್ಬರು ಮಕ್ಕಳು, ಒಬ್ಬ ಗಂಡ, ಒಂದು ಅಡುಗೆಮನೆ ಇರುವ ಹೆಂಗಸು ಈ ಹದಿನೆಂಟು ಗಂಟೆಯನ್ನ ಯಾವ ಅಂಗಡಿಯಿಂದ ತರಬೇಕು ಅಂತ ಆ ಕಾಗದದಲ್ಲಿ ಬರೆದಿರೋಲ್ಲ.

ನಾನಿರೋದು ರೆಡಿಂಗ್‌ನಲ್ಲಿ. ಲಂಡನ್ನಿನ ಪಶ್ಚಿಮಕ್ಕೆ, ಥೇಮ್ಸ್ ದಡದ ಊರು. ಇಂಗ್ಲಿಷಿನಲ್ಲಿ ‘ರೀಡಿಂಗ್’ ಅಂತ ಬರೆದು ‘ರೆಡಿಂಗ್’ ಅಂತ ಓದಬೇಕು. ಬಂದ ಹೊಸದರಲ್ಲಿ ಇದೊಂದು ತಮಾಷೆ ಅನಿಸಿತ್ತು. ಹದಿನಾಲ್ಕು ವರ್ಷ ಹೆಸರಿಗೆ ಮಾತ್ರ ಓದಿದ್ದ ಊರಲ್ಲಿ ಮೂವತ್ತೊಂಬತ್ತನೇ ವಯಸ್ಸಿಗೆ ನಿಜವಾಗಿ ಓದೋಕೆ ಕೂತೆ.

ಹಾಸನದಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಒಳ್ಳೆ ಸಂಬಂಧ ಬಂತು. ‘ಪರೀಕ್ಷೆ ಯಾವಾಗ ಬೇಕಾದ್ರೂ ಕಟ್ಟಬಹುದು, ಇಂಥ ಹುಡುಗ ಮತ್ತೆ ಸಿಗ್ತಾನಾ?’ ಅಂದ್ರು ಅಪ್ಪ. ಹುಡುಗ ಒಳ್ಳೆಯವರೇ, ಅದರಲ್ಲಿ ತಕರಾರಿಲ್ಲ. ಆದರೆ ಆ ‘ಯಾವಾಗ ಬೇಕಾದ್ರೂ’ ಅನ್ನೋದು ಯಾವತ್ತೂ ಬರಲಿಲ್ಲ. 2004ರಲ್ಲಿ ಮದುವೆ, 2009ರಲ್ಲಿ ಡಿಪೆಂಡೆಂಟ್ ವೀಸಾದಲ್ಲಿ ಇಂಗ್ಲೆಂಡ್, ಮರುವರ್ಷ ಮಗಳು, 2014ರಲ್ಲಿ ಮಗ. ಸ್ಕೂಲಿನ ಫಾರ್ಮ್, ಡಾಕ್ಟರ ಫಾರ್ಮ್, ಎಲ್ಲೇ ‘ಉದ್ಯೋಗ’ ಅಂತ ಕಂಡರೂ ‘ಹೌಸ್‌ವೈಫ್’ ಅಂತ ಬರೆದು ಮುಂದಿನ ಸಾಲಿಗೆ ಹೋಗೋದು ಅಭ್ಯಾಸ ಆಗಿಹೋಗಿತ್ತು. ‘ವಿದ್ಯಾರ್ಹತೆ’ ಅನ್ನೋ ಸಾಲು ಬಂದಾಗ ಮಾತ್ರ ಪೆನ್ನು ಒಂದು ಕ್ಷಣ ನಿಲ್ತಿತ್ತು. ಅರ್ಧ ಡಿಗ್ರಿಗೆ ಯಾವ ಫಾರ್ಮಿನಲ್ಲೂ ಜಾಗ ಇಲ್ಲ ನೋಡಿ.

ಈ ದೇಶದಲ್ಲಿ ಇಪ್ಪತ್ತೊಂದು ದಾಟಿ ಡಿಗ್ರಿಗೆ ಸೇರಿದವರನ್ನೆಲ್ಲ ‘ಮೆಚ್ಯೂರ್ ಸ್ಟೂಡೆಂಟ್’ ಅಂತಾರೆ. ನಮ್ಮ ಕಡೆ ಆ ಪದಕ್ಕೆ ಬೇರೆಯೇ ಅರ್ಥ ಇದೆ. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ‘ಅಯ್ಯೋ, ಯಾರ ಮುಂದೂ ಹಂಗನ್ಬೇಡ್ವೇ’ ಅಂತ ಬಿದ್ದು ಬಿದ್ದು ನಕ್ಕಳು. ಅತ್ತೆಯವರ ಪ್ರಶ್ನೆ ನೇರವಾಗಿತ್ತು: ‘ಈ ವಯಸ್ಸಲ್ಲಿ ಓದಿ ಏನ್ ಮಾಡ್ತೀಯಮ್ಮ?’ ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಸೇರೋದು ಮಾತ್ರ ನಾನು ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. ಬೇರೆ ಯೂನಿವರ್ಸಿಟಿಗಳು ಇಪ್ಪತ್ತು ವರ್ಷ ಹಳೆಯ ಮಾರ್ಕ್ಸ್‌ಕಾರ್ಡ್ ಹುಡುಕಿಸ್ತವೆ. ಇಲ್ಲಿ ಹೆಚ್ಚಿನ ಕೋರ್ಸ್‌ಗಳಿಗೆ ಏನೂ ಓದಿರಬೇಕಂತಲೇ ಇಲ್ಲ. ಓಪನ್ ಅನ್ನೋ ಹೆಸರಿನ ಅರ್ಥವೇ ಅದು. ಇದರ ಕಥೆ ಓದಿದರೆ ಖುಷಿಯಾಗುತ್ತೆ. 1963ರಲ್ಲಿ ಹೆರಾಲ್ಡ್ ವಿಲ್ಸನ್ ‘ಗಾಳಿಯಲ್ಲಿ ನಡೆಯುವ ಯೂನಿವರ್ಸಿಟಿ’ಯ ಮಾತಾಡಿದಾಗ ಸುಮಾರು ಜನ ನಕ್ಕರಂತೆ. ಅವರು ಪ್ರಧಾನಿಯಾದ ಮೇಲೆ ಅದನ್ನ ಹಟ ಹಿಡಿದು ಕಟ್ಟಿಸಿದವಳು ಜೆನ್ನಿ ಲೀ ಅನ್ನೋ ಮಂತ್ರಿ. ಸ್ಕಾಟ್ಲೆಂಡಿನ ಕಲ್ಲಿದ್ದಲು ಗಣಿ ಕಾರ್ಮಿಕನ ಮಗಳು. ಬಡವರಿಗೆ ಅಂತ ಕಡಿಮೆ ದರ್ಜೆಯದು ಬೇಡ, ಕೊಟ್ಟರೆ ಪೂರ್ತಿ ಡಿಗ್ರಿಯನ್ನೇ ಕೊಡಬೇಕು ಅನ್ನೋದು ಅವಳ ಪಟ್ಟು. 1969ರಲ್ಲಿ ಯೂನಿವರ್ಸಿಟಿ ಹುಟ್ಟಿತು, 1971ರ ಜನವರಿಯಲ್ಲಿ ಮೊದಲ ವಿದ್ಯಾರ್ಥಿಗಳು ಓದೋಕೆ ಶುರು ಮಾಡಿದರು. ಪಾಠದ ಪುಸ್ತಕ ಅಂಚೆಯಲ್ಲಿ, ಉಪನ್ಯಾಸ ಬಿಬಿಸಿಯಲ್ಲಿ, ಅದೂ ಬೆಳಗಿನ ಜಾವ ಇಲ್ಲಾ ಸರಿರಾತ್ರಿ. 2006ರವರೆಗೂ ಆ ಪ್ರಸಾರ ನಡೀತು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣ, ಆಮೇಲೆ 1996ರಲ್ಲಿ ಬಂದ ಮುಕ್ತ ವಿಶ್ವವಿದ್ಯಾನಿಲಯ ಎಷ್ಟು ಜನ ಹೆಣ್ಣುಮಕ್ಕಳ ಕೈಗೆ ಡಿಗ್ರಿ ಕೊಟ್ಟಿವೆ ಅಂತ ನಿಮಗೆ ಗೊತ್ತಲ್ಲ, ಇದೂ ಆ ಜಾತಿಯದೇ. ಹೇರ್‌ಡ್ರೆಸರ್ ಹುಡುಗಿಯೊಬ್ಬಳು ಇಲ್ಲಿ ಓದೋಕೆ ಸೇರಿ ಮನೆಯಲ್ಲಿ ರಾದ್ಧಾಂತ ಆಗುವ ‘ಎಜುಕೇಟಿಂಗ್ ರೀಟಾ’ ಅನ್ನೋ ನಾಟಕ 1980ರಲ್ಲಿ ಬಂತು, ಮೂರು ವರ್ಷಕ್ಕೆ ಸಿನಿಮಾನೂ ಆಯ್ತು. ನೋಡದೇ ಇದ್ದರೆ ನೋಡಿ. ಗಂಡನ ಜೊತೆ ಕೂತು ನೋಡಬೇಕೋ ಬೇಡವೋ ಅನ್ನೋದು ನಿಮಗೆ ಬಿಟ್ಟದ್ದು.

ಫೀಸಿಗೆ ಸಾಲ ಸಿಕ್ಕಿತು. ನನ್ನ ಅರ್ಧ ಡಿಗ್ರಿ ಉಪಯೋಗಕ್ಕೆ ಬಂದ ಒಂದೇ ಜಾಗ ಅದು. ಮೊದಲೇ ಒಂದು ಡಿಗ್ರಿ ಇದ್ದಿದ್ದರೆ ಎರಡನೆಯದಕ್ಕೆ ಸಾಮಾನ್ಯವಾಗಿ ಸಾಲ ಕೊಡೋಲ್ಲ. ಸಾಲದ ಷರತ್ತು ಕೇಳಿ ನಮ್ಮನೆಯವರು ಎರಡು ಸಲ ಓದಿಸಿದರು: ದುಡಿಮೆ ವರ್ಷಕ್ಕೆ 25,000 ಪೌಂಡ್ ಮೀರಿದರೆ, ಮೀರಿದ್ದರ ಮೇಲೆ ಮಾತ್ರ ಶೇಕಡಾ 9 ಕಟ್ಟಬೇಕು. ಇಲ್ಲದಿದ್ದರೆ ಇಲ್ಲ. ಕಟ್ಟೋ ಕಾಲ ಬಂದಾಗಿನಿಂದ ನಲವತ್ತು ವರ್ಷಕ್ಕೆ ಉಳಿದದ್ದು ಮನ್ನಾ. ‘ಅಷ್ಟೊತ್ತಿಗೆ ನಂಗೆ ಎಂಬತ್ತು ದಾಟಿರುತ್ತೆ ರೀ’ ಅಂದೆ. ‘ಹಂಗಾದ್ರೆ ಬ್ಯಾಂಕ್‌ನೋರೇ ಪಾಪ’ ಅಂದ್ರು. ಕೊಡೋದು ಬ್ಯಾಂಕ್ ಅಲ್ಲ, ಸರ್ಕಾರ. ಆದರೂ ಆ ಮಾತು ಕೇಳಿ ಧೈರ್ಯ ಬಂತು.

ಇನ್ನು ಗಂಟೆಗಳ ವಿಷಯ.

ಮೊದಲನೇ ವರ್ಷ ನಾನು ತಗೊಂಡದ್ದು ಸಮಾಜ ವಿಜ್ಞಾನದ ಪರಿಚಯ. ಪುಸ್ತಕಗಳ ಪೆಟ್ಟಿಗೆ ಬಂದ ವಾರವೇ, ಲೆಕ್ಕ ಗೊತ್ತಿರಲಿ ಅಂತ, ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿ ಏಳು ದಿನ ನಾನು ಏನೇನು ಮಾಡ್ತೀನಿ ಅಂತ ಬರೆದಿಟ್ಟೆ. ಅಡುಗೆ, ತಿಂಡಿ, ಡಬ್ಬಿ, ಪಾತ್ರೆ ಎಲ್ಲ ಸೇರಿ 24 ಗಂಟೆ. ಬಟ್ಟೆ ಮತ್ತು ಮನೆ ಚೊಕ್ಕ ಮಾಡೋದು 12. ಮಕ್ಕಳನ್ನ ಸ್ಕೂಲಿಗೆ ಬಿಡೋದು, ಕರೆತರೋದು, ಈಜು, ಪಿಯಾನೊ, ಯಾರದೋ ಬರ್ತ್‌ಡೇ, ಇವೆಲ್ಲ 15. ದಿನಸಿ, ತರಕಾರಿ 5. ಇನ್ನು ಹೆಸರೇ ಇಲ್ಲದ ಕೆಲಸಗಳು 6: ಡೆಂಟಿಸ್ಟ್ ಅಪಾಯಿಂಟ್‌ಮೆಂಟ್, ಸ್ಕೂಲಿನ ಈಮೇಲ್, ಬಾಯ್ಲರ್ ರಿಪೇರಿಯವನಿಗೆ ಕಾಯೋದು, ಈ ವಾರ ಯಾವ ಬಣ್ಣದ ಬಿನ್ ಆಚೆ ಇಡಬೇಕು ಅಂತ ನೆನಪಿಟ್ಟುಕೊಳ್ಳೋದು. ಒಟ್ಟು 62. ವಾರಕ್ಕೆ 168 ಗಂಟೆ. ನಿದ್ದೆಗೆ 49 ಕಳೆದರೂ ಇನ್ನೂ 57 ಗಂಟೆ ಉಳಿಯಬೇಕು. ಎಲ್ಲಿ ಹೋದವು?

ಹಾಳೆ ಮತ್ತೆ ನೋಡಿದಾಗ ಗೊತ್ತಾಯ್ತು. ಎಲ್ಲೂ ಹೋಗಿಲ್ಲ, ಎಲ್ಲ ಇವೆ, ಆದರೆ ಚಿಲ್ಲರೆಯಾಗಿವೆ. ಕುಕ್ಕರ್ ಕೂಗೋ ತನಕ ಹನ್ನೊಂದು ನಿಮಿಷ. ಈಜುಕೊಳದ ಪಕ್ಕ ಕೂತು ಕಾಯೋ ಅರ್ಧ ಗಂಟೆ. ವಾಷಿಂಗ್ ಮಷಿನ್ ನಿಲ್ಲೋಕೂ ಸ್ಕೂಲ್ ಬಿಡೋಕೂ ನಡುವಿನ ಇಪ್ಪತ್ತು ನಿಮಿಷ. ಹತ್ತು ಪೈಸೆ, ನಾಲ್ಕಾಣೆಯ ಹಾಗೆ ಡಬ್ಬಿ ತುಂಬಾ ಇದೆ, ಆದರೆ ಓದಬೇಕು, ಬರೀಬೇಕು ಅಂದರೆ ನೋಟು ಬೇಕು. ಒಂದು ಪ್ರಬಂಧದ ಮೊದಲ ಪ್ಯಾರಾ ಕಟ್ಟೋಕೆ ಯಾರೂ ಕರೆಯದ ಎರಡು ಗಂಟೆ ಬೇಕು. ಅದು ನನ್ನ ಹತ್ತಿರ ಇರಲಿಲ್ಲ.

ಆ ದಿನಗಳಲ್ಲೇ ಲೈಬ್ರರಿಯಿಂದ ಆನ್ ಓಕ್ಲಿ ಅನ್ನೋವಳ ಪುಸ್ತಕ ತಂದೆ. ಮನೆಗೆಲಸದ ಸಮಾಜಶಾಸ್ತ್ರ ಅಂತಲೇ ಅದರ ಹೆಸರು, 1974ರದ್ದು. ಆ ಕಾಲಕ್ಕೆ ಕಾರ್ಖಾನೆ ಕೆಲಸ, ಆಫೀಸ್ ಕೆಲಸ ಎಲ್ಲದರ ಬಗ್ಗೆಯೂ ಪಂಡಿತರು ಬರೆದಿದ್ದರು, ಮನೆಗೆಲಸ ಮಾತ್ರ ಅವರ ಲೆಕ್ಕದಲ್ಲಿ ಕೆಲಸವೇ ಅಲ್ಲ. ಓಕ್ಲಿ ಲಂಡನ್ನಿನಲ್ಲಿ ಚಿಕ್ಕ ಮಕ್ಕಳಿದ್ದ 40 ಗೃಹಿಣಿಯರನ್ನ ಕೂರಿಸಿಕೊಂಡು ಮಾತಾಡಿಸಿದಳು. ಸರಾಸರಿ ವಾರಕ್ಕೆ 77 ಗಂಟೆ ದುಡೀತಿದ್ದರು. ಕಡಿಮೆ ಅಂದರೆ 48, ಹೆಚ್ಚು ಅಂದರೆ 105. ಓದಿ ನನ್ನ 62ರ ಹಾಳೆ ಮತ್ತೆ ನೋಡಿದೆ. ಐವತ್ತು ವರ್ಷದಲ್ಲಿ ವಾಷಿಂಗ್ ಮಷಿನ್, ಮೈಕ್ರೋವೇವ್, ಮನೆಬಾಗಿಲಿಗೆ ದಿನಸಿ ಎಲ್ಲ ಬಂದರೂ ಉಳಿದಿದ್ದು ಹದಿನೈದು ಗಂಟೆ. ಇಡ್ಲಿಗೆ ರುಬ್ಬಬೇಕಾದ ಕಷ್ಟ ಆ ನಲವತ್ತು ಜನಕ್ಕೆ ಇರಲಿಲ್ಲ ಅನ್ನೋದನ್ನೂ ಲೆಕ್ಕಕ್ಕೆ ಸೇರಿಸಬೇಕೇನೋ!

ಅಮ್ಮನಿಗೆ ಈ 77 ಗಂಟೆ ಕಥೆ ಹೇಳಿದೆ. ಅವಳಿಗೆ ಆಗಷ್ಟೇ ಗೃಹಲಕ್ಷ್ಮಿ ದುಡ್ಡು ಬರೋಕೆ ಶುರುವಾಗಿತ್ತು. ‘ನಂಗೆ ಸರ್ಕಾರ ತಿಂಗಳಿಗೆ ಎರಡು ಸಾವಿರ ಕೊಡುತ್ತೆ, ನಿಮ್ಮ ರಾಜನ ಸರ್ಕಾರ ನಿಂಗೇನು ಕೊಡುತ್ತೆ?’ ಅಂತ ಕೇಳಿದಳು. ತಮಾಷೆಗೆ ಕೇಳಿದ್ದು, ಆದರೆ ನಾನು ನಿಜವಾಗಿ ಹುಡುಕಿದೆ. ಇಲ್ಲಿನ ಗೃಹಿಣಿಯರಿಗೆ ಗೊತ್ತಿರಲಿ ಅಂತ ಬರೀತೀನಿ: ಹನ್ನೆರಡು ತುಂಬದ ಮಗುವಿನ ಹೆಸರಲ್ಲಿ ಚೈಲ್ಡ್ ಬೆನಿಫಿಟ್‌ಗೆ ನೀವು ಅರ್ಜಿ ಹಾಕಿದ್ದರೆ, ಮನೆಯಲ್ಲಿದ್ದ ಆ ವರ್ಷಗಳು ನಿಮ್ಮ ಪಿಂಚಣಿಯ ಲೆಕ್ಕಕ್ಕೆ ಸೇರುತ್ತವೆ. ಪೂರ್ತಿ ಪಿಂಚಣಿಗೆ 35 ವರ್ಷ ಬೇಕು, ಸ್ವಲ್ಪವಾದರೂ ಸಿಗಬೇಕಾದರೆ ಕನಿಷ್ಠ 10. ಗಂಡನ ಸಂಬಳ ಹೆಚ್ಚಿದೆ, ದುಡ್ಡು ವಾಪಸ್ ಕಟ್ಟಬೇಕಾಗುತ್ತೆ ಅಂತ ಎಷ್ಟೋ ಜನ ಅರ್ಜಿಯನ್ನೇ ಹಾಕೋಲ್ಲ. ದುಡ್ಡು ಬೇಡ ಅಂತ ಟಿಕ್ ಮಾಡಿ ಫಾರ್ಮ್ ಮಾತ್ರ ಕಳಿಸಬಹುದು, ವರ್ಷ ನಿಮ್ಮ ಹೆಸರಿಗೇ ಬೀಳುತ್ತೆ. ಆದರೆ ವೀಸಾದಲ್ಲಿ ಸರ್ಕಾರಿ ನೆರವಿಲ್ಲ ಅಂತ ಬರೆದಿರುವಷ್ಟು ಕಾಲ ಇದು ಸಿಗೋಲ್ಲ. ನನಗೆ ಐಎಲ್‌ಆರ್ ಬಂದದ್ದು 2015ರಲ್ಲಿ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಹೆತ್ತಿದ್ದು, ಹೊತ್ತಿದ್ದು, ಜ್ವರದಲ್ಲಿ ರಾತ್ರಿ ಕೂತಿದ್ದು ಯಾವ ಖಾತೆಗೂ ಜಮಾ ಇಲ್ಲ.

ಮಕ್ಕಳು ಏಳೋ ಮೊದಲು, ಬೆಳಿಗ್ಗೆ ಐದಕ್ಕೆ, ನನ್ನ ನೋಟು ಸಿಕ್ಕಿತು. ಚಿಕ್ಕವರಿದ್ದಾಗ ಅಪ್ಪ ‘ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ತಲೆಗೆ ಹತ್ತುತ್ತೆ’ ಅಂತ ಚೊಂಬಿನಲ್ಲಿ ನೀರು ಹಿಡ್ಕೊಂಡು ಎಬ್ಬಿಸೋರು. ಇಲ್ಲಿ ಎಬ್ಬಿಸೋರು ಯಾರೂ ಇಲ್ಲ. ಡಿಸೆಂಬರ್‌ನಲ್ಲಿ ಎಂಟರ ತನಕ ಬೆಳಕಾಗೋಲ್ಲ, ಸಂಜೆ ನಾಲ್ಕಕ್ಕೆ ಮತ್ತೆ ಕತ್ತಲು. ಹೀಟಿಂಗ್ ಹಾಕಿದರೆ ಬಿಲ್ಲಿನ ಚಿಂತೆ, ಹಾಗಾಗಿ ಶಾಲು ಹೊದ್ದು, ಬಿಸಿನೀರಿನ ಬ್ಯಾಗ್ ತೊಡೆ ಮೇಲೆ ಇಟ್ಟುಕೊಂಡು ಊಟದ ಮೇಜಿನ ಮೇಲೆ ಓದು. ಆರೂಮುಕ್ಕಾಲಿಗೆ ಪುಸ್ತಕ ಎತ್ತಿಟ್ಟು ಉಪ್ಪಿಟ್ಟಿಗೆ ಒಗ್ಗರಣೆ. ಒಗ್ಗರಣೆಗೆ ಸ್ಮೋಕ್ ಅಲಾರ್ಮ್ ಬಡ್ಕೊಳ್ಳುತ್ತೆ, ಮಕ್ಕಳು ಏಳ್ತಾರೆ. ಅವತ್ತಿನ ನನ್ನ ಕಾಲೇಜ್ ಮುಗೀತು.

ಹದಿನೈದು ದಿನಕ್ಕೊಮ್ಮೆ ಸಂಜೆ ಆನ್‌ಲೈನ್ ಟ್ಯುಟೋರಿಯಲ್ ಇರುತ್ತೆ. ಮೊದಲ ಸಲ ಯಾರು ಎಲ್ಲಿಂದ ಅಂತ ಹೇಳಿದಾಗ ನನಗೆ ನಾಚಿಕೆ ಅರ್ಧ ಹೋಯ್ತು. ವೇಲ್ಸ್‌ನ ವ್ಯಾನ್ ಡ್ರೈವರ್, ರಾತ್ರಿ ಪಾಳಿಯ ನರ್ಸ್, ಮೊಮ್ಮಗುವನ್ನ ತೊಡೆ ಮೇಲೆ ಕೂರಿಸಿಕೊಂಡ ಅಜ್ಜಿ. ಜೈಲಿನಲ್ಲಿರೋರೂ ಈ ಯೂನಿವರ್ಸಿಟಿಯಲ್ಲಿ ಓದ್ತಾರೆ. ಅಲ್ಲಿ ನಾನೊಬ್ಬಳೇ ವಿಚಿತ್ರ ಅಲ್ಲ, ಎಲ್ಲರೂ ಎಲ್ಲೋ ಒಂದು ಕಡೆ ನಿಲ್ಲಿಸಿ, ಈಗ ಮತ್ತೆ ಎತ್ತಿಕೊಂಡವರೇ.

ಓದಿನ ರೀತಿ ಮಾತ್ರ ಪೂರಾ ಬೇರೆ. ನಾವು ಬಾಯಿಪಾಠ ಮಾಡಿ, ಕಾಮ ಫುಲ್‌ಸ್ಟಾಪ್ ಸಮೇತ ಒಪ್ಪಿಸಿ ಬೆಳೆದವರು. ಇಲ್ಲಿ ಪ್ರಶ್ನೆಯೇ ‘ಇದನ್ನು ವಿಮರ್ಶಿಸಿ’ ಅಂತ. ಯಾರು ಹೇಳಿದ್ದು, ಯಾವ ವರ್ಷ, ಆಧಾರ ಏನು, ಇದಕ್ಕೆ ವಿರುದ್ಧ ಯಾರು ಹೇಳಿದ್ದಾರೆ, ಇವರಿಬ್ಬರಲ್ಲಿ ನಿಮಗೆ ಯಾರ ಮಾತು ಸರಿ ಕಾಣುತ್ತೆ, ಯಾಕೆ? ಇಪ್ಪತ್ತು ವರ್ಷ ಸಂಸಾರದಲ್ಲಿ ‘ಸಾರಿಗೆ ಉಪ್ಪು ಸಾಕಾ’ ಅನ್ನೋದು ಬಿಟ್ಟು ನನ್ನ ಅಭಿಪ್ರಾಯವನ್ನ ಇಷ್ಟು ಗಂಭೀರವಾಗಿ ಯಾರೂ ಕೇಳಿರಲಿಲ್ಲ. ಅಭ್ಯಾಸ ಆಗ್ತಾ ಆಗ್ತಾ ಮನೆಯಲ್ಲೂ ಶುರುವಾಯ್ತು. ‘ಎಲ್ಲರ ಅಮ್ಮಂದಿರೂ ಫೋನ್ ಕೊಡ್ತಾರೆ’ ಅಂತ ಮಗಳು ಅಂದರೆ ‘ಎಷ್ಟು ಜನ, ಯಾವ ಸರ್ವೇ?’ ಅಂತೀನಿ. ‘ಅಮ್ಮಾ, ಪ್ಲೀಸ್, ಸ್ಟಾಪ್’ ಅಂತಾಳೆ.

ಎರಡನೇ ವರ್ಷದ ಫೆಬ್ರವರಿ. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಅಸೈನ್‌ಮೆಂಟ್ ಕಳಿಸಬೇಕು, ಅದಕ್ಕೂ ಮೊದಲಿನ ಶನಿವಾರ, ಭಾನುವಾರ ಮಾತ್ರ ನನಗೆ ಸಿಗೋದು. ಬುಧವಾರ ರಾತ್ರಿ ಊಟ ಮಾಡ್ತಾ ಇವರು ಮಾಮೂಲಿನ ಹಾಗೆ ಅಂದ್ರು, ‘ಶನಿವಾರ ನಾಲ್ಕು ಫ್ಯಾಮಿಲಿ ಊಟಕ್ಕೆ ಬರ್ತಿದಾರೆ.’

ಇಲ್ಲಿನ ನಮ್ಮವರ ಶನಿವಾರದ ಊಟ ಗೊತ್ತಲ್ಲ. ದೊಡ್ಡವರು ಚಿಕ್ಕವರು ಸೇರಿ ಹದಿನಾರು ಜನ. ಎರಡು ಪಲ್ಯ, ಕೋಸಂಬರಿ, ಚಪಾತಿ, ಸಾರು, ಚಿತ್ರಾನ್ನ, ಪಾಯಸ, ಮಕ್ಕಳಿಗೆ ಬೇರೆ ಪಾಸ್ತಾ. ಶುಕ್ರವಾರ ಹೆಚ್ಚೋಕೆ ಕೂತರೆ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಪಾತ್ರೆ ಮುಗಿಯುತ್ತೆ.

‘ಈ ಶನಿವಾರ ಆಗಲ್ಲ ರೀ’ ಅಂದೆ.

ಮೇಜಿನ ಸುತ್ತ ಎಲ್ಲರೂ ತಲೆ ಎತ್ತಿ ನೋಡಿದರು. ಹುಷಾರಿಲ್ಲದಾಗ ಬಿಟ್ಟರೆ ಆ ಮಾತು ನನ್ನ ಬಾಯಲ್ಲಿ ಬಂದದ್ದೇ ಇಲ್ಲ. ‘ಹೇಳಿಬಿಟ್ಟಿದೀನಲ್ಲ. ನೀನು ಎಕ್ಸ್‌ಟೆನ್ಷನ್ ಕೇಳಬಹುದಲ್ವಾ, ಕೊಡ್ತಾರೆ ಅಂದಿದ್ದೆ’ ಅಂದ್ರು. ಕೊಡ್ತಾರೆ, ನಿಜ. ‘ಕಾಯಿಲೆ ಬಿದ್ದಾಗ ಕೇಳ್ತೀನಿ, ಚಿತ್ರಾನ್ನಕ್ಕೆ ಕೇಳಲ್ಲ’ ಅಂದೆ. ದನಿ ಎತ್ತರಿಸಲಿಲ್ಲ. ಅವರ ಆಫೀಸಿನಲ್ಲಿ ರಿಲೀಸ್ ಇದ್ದ ವಾರ ನಾವು ಮೂವರೂ ಪಿಸುಗುಟ್ಟಿಕೊಂಡು ಓಡಾಡೋದನ್ನ ನೆನಪಿಸಿದೆ, ಅಷ್ಟೇ. ಎರಡು ದಿನ ಮನೆಯಲ್ಲಿ ಮಾತು ಕಡಿಮೆ ಇತ್ತು. ಶುಕ್ರವಾರ ಬೆಳಿಗ್ಗೆ ನಾಲ್ಕೂ ಮನೆಗೆ ಅವರೇ ಫೋನ್ ಮಾಡಿ ‘ಇವಳಿಗೆ ಯೂನಿವರ್ಸಿಟಿ ಡೆಡ್‌ಲೈನ್ ಇದೆ’ ಅಂತ ಹೇಳಿ ಮುಂದಕ್ಕೆ ಹಾಕಿದರು. ಆ ಮಾತು ಹೇಳುವಾಗ ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು, ಅಡುಗೆಮನೆಗೆ ಕೇಳಿಸ್ತು. ಮೂರು ವಾರ ಬಿಟ್ಟು ಎಲ್ಲರೂ ಒಂದೊಂದು ಡಬ್ಬಿ ಹಿಡ್ಕೊಂಡು ಬಂದರು. ಊಟ ಚೆನ್ನಾಗೇ ಆಯ್ತು.

ಖುಷಿ ಪಡಬೇಕಾದ ವಿಷಯ, ಪಟ್ಟೆ. ಆದರೆ ಒಂದು ಮುಳ್ಳು ಉಳಿದಿದೆ, ಅದನ್ನ ಇಲ್ಲಿ ಬರೀದೆ ಎಲ್ಲಿ ಬರೀಲಿ? ಅವತ್ತು ನನ್ನ ‘ಆಗಲ್ಲ’ಕ್ಕೆ ಬೆಲೆ ಬಂದದ್ದು ಅದರ ಹಿಂದೆ ಒಂದು ಯೂನಿವರ್ಸಿಟಿ, ಒಂದು ತಾರೀಖು ಇದ್ದಿದ್ದಕ್ಕೆ. ‘ಈ ಶನಿವಾರ ಸುಸ್ತಾಗಿದೆ, ಸುಮ್ಮನೆ ಕೂತಿರ್ತೀನಿ’ ಅಂದಿದ್ದರೆ ಆ ನಾಲ್ಕು ಫೋನ್ ಹೋಗ್ತಿತ್ತಾ? ಮನೆಯಲ್ಲಿರೋಳ ಹೊತ್ತು ಅಂದರೆ ಊರ ಮುಂದಿನ ಗೋಮಾಳದ ಹಾಗೆ. ಬೇಲಿ ಇಲ್ಲ, ಹಾಗಾಗಿ ಯಾರದ್ದೂ ಅಲ್ಲ, ಎಲ್ಲರದ್ದೂ. ನಾನು ಓದೋಕೆ ಸೇರಿ ಅದರಲ್ಲಿ ಒಂದು ತುಂಡಿಗೆ ಬೇಲಿ ಹಾಕಿಕೊಂಡೆ. ವಾರಕ್ಕೆ ಹದಿನೆಂಟು ಗಂಟೆ. ಉಳಿದದ್ದು ಇನ್ನೂ ಗೋಮಾಳವೇ. ನನ್ನಮ್ಮ ಅರವತ್ತು ದಾಟಿದ್ದಾಳೆ, ಅವಳಿಗೆ ಇಷ್ಟು ತುಂಡೂ ಯಾವತ್ತೂ ಇರಲಿಲ್ಲ. ಎಲ್ಲ ಹೆಂಗಸರೂ ಸ್ವಂತ ಹೊತ್ತು ಪಡೆಯೋಕೆ ಡಿಗ್ರಿಗೇ ಸೇರಬೇಕು ಅಂದರೆ ಅದು ನ್ಯಾಯ ಅಲ್ಲ.

ಈ ಸಲ ಅದನ್ನೇ ಅಸೈನ್‌ಮೆಂಟ್‌ನಲ್ಲಿ ಬರೆಯೋ ಅವಕಾಶ ಸಿಕ್ಕಿತು. ಓಕ್ಲಿಯನ್ನ ಇಟ್ಟುಕೊಂಡು, ಅವಳ ನಲವತ್ತು ಜನರೆಲ್ಲ ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಹುಟ್ಟಿದವರೇ, ವೀಸಾದ ಮೇಲೆ ಬಂದ ಗೃಹಿಣಿಯ ಲೆಕ್ಕ ಬೇರೆ ಅಂತ ವಾದಿಸಿದೆ. ಟ್ಯೂಟರ್ ಅಂಚಿನಲ್ಲಿ ‘ಈ ವಾದವನ್ನ ಇನ್ನೂ ಬೆಳೆಸಿ’ ಅಂತ ಬರೆದಿದ್ದಾರೆ. ನಲವತ್ತಕ್ಕೆ ಪಾಸು ಇಲ್ಲಿ, ನನಗೆ ಅದಕ್ಕಿಂತ ಸುಮಾರಾಗೇ ಮೇಲೆ ಬಂದಿದೆ. ಹಾಸನದ ಲೆಕ್ಕದಲ್ಲಿ ಹೇಳಿದರೆ ಅಪ್ಪ ‘ಇಷ್ಟೇನಾ’ ಅಂದಾರು ಅಂತ ನಂಬರ್ ಹೇಳಿಲ್ಲ.

‘ನಾನೂ ಸೇರಬಹುದಾ’ ಅಂತ ಕೇಳುವ ಗೆಳತಿಯರಿಗೆ ನನಗೆ ಗೊತ್ತಿರೋದು ಇಷ್ಟು. ಇಂಗ್ಲೆಂಡಿನಲ್ಲಿ ಫೀಸಿನ ಸಾಲಕ್ಕೆ ವಯಸ್ಸಿನ ಮಿತಿ ಇಲ್ಲ. ಐಎಲ್‌ಆರ್ ಅಥವಾ ಪೌರತ್ವ, ಜೊತೆಗೆ ಮೂರು ವರ್ಷದ ವಾಸ ಸಾಮಾನ್ಯವಾಗಿ ಕೇಳ್ತಾರೆ. ವರ್ಷಕ್ಕೆ ಕನಿಷ್ಠ 30 ಕ್ರೆಡಿಟ್ ಓದಬೇಕು, ಅಂದರೆ 300 ಗಂಟೆ. ಸೇರೋ ಮೊದಲು ಫ್ರಿಜ್ ಮೇಲೆ ಹಾಳೆ ಅಂಟಿಸಿ, ಒಂದು ವಾರ ಬರೀರಿ. ಹಾಳೆಯನ್ನ ಮನೆಯವರೆಲ್ಲ ಓದೋ ಹಾಗೆ ಅಂಟಿಸಿ, ಅದು ಮುಖ್ಯ. ನಮ್ಮನೆಯಲ್ಲಿ ಆ ಹಾಳೆ ಈಗಲೂ ಇದೆ. ಕಳೆದ ತಿಂಗಳು ಮಗ ಅದರ ಕೆಳಗೆ ಪೆನ್ಸಿಲ್‌ನಲ್ಲಿ ಇನ್ನೊಂದು ಸಾಲು ಸೇರಿಸಿದ್ದಾನೆ: ‘ಬಿನ್ — ನಾನು.’ ಹಸಿರು ಯಾವತ್ತು, ಬೂದು ಯಾವತ್ತು ಅಂತ ಈಗ ನಾನು ನೆನಪಿಟ್ಟುಕೊಳ್ಳೋದಿಲ್ಲ.